ಕೈಗೆ ನೆನಪಿತ್ತು

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನೆನಪು ಕಳೆದುಕೊಂಡವರ ಬಗ್ಗೆ ಬರೆದಿದ್ದಿರಿ. ಜ್ಞಾಪಕಶಕ್ತಿ ಅಂದರೇನು ಅಂತ ತಿಳಿಯಬೇಕಾದರೆ ನೂರಾರು ಪದ್ಯ ಬಾಯಿಪಾಠ ಹೇಳುವವರನ್ನು ನೋಡಬೇಕು, ಅಲ್ವಾ? ಎಲ್ಲ ಮರೆತವರಿಂದ ಕಲಿಯೋದೇನು?
– ಒಬ್ಬ ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಬಾಯಿಪಾಠದವರ ಮೇಲೆ ನನಗೂ ಗೌರವವಿದೆ. ಆದರೆ ನೆನಪು ಅನ್ನೋದು ಒಂದೇ ಮೂಟೆಯಲ್ಲ ಅಂತ ನಮಗೆ ತೋರಿಸಿಕೊಟ್ಟವರು ಅವರಲ್ಲ, ಹೆನ್ರಿ ಮೊಲೈಸನ್.

ಅಮೆರಿಕದ ಈ ಹೆನ್ರಿಗೆ ವಿಪರೀತ ಫಿಟ್ಸ್. 1953ರಲ್ಲಿ, ಅವನ 27ನೇ ವಯಸ್ಸಿನಲ್ಲಿ, ಡಾ. ವಿಲಿಯಂ ಸ್ಕೋವಿಲ್ ಅವರು ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಎಂಬ ಒಳಭಾಗದ ದೊಡ್ಡ ತುಂಡನ್ನು, ಅಕ್ಕಪಕ್ಕದ ಭಾಗಗಳನ್ನು ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು. ಆದರೆ ಆಮೇಲೆ ನಡೆದದ್ದು ಯಾವುದೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಮಾತು, ಬುದ್ಧಿ, ಬಾಲ್ಯದ ನೆನಪು ಎಲ್ಲ ಇತ್ತು.

ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಹೆನ್ರಿಗೆ ಒಂದು ನಕ್ಷತ್ರದ ಚಿತ್ರ ಕೊಟ್ಟರು. ಅದರ ಜೋಡಿಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕಾಗದವನ್ನಾಗಲಿ ಕೈಯನ್ನಾಗಲಿ ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ. ಸುಮ್ನೆ ಮನೆಯಲ್ಲಿ ಮಾಡಿ ನೋಡಿ, ಕೈ ಮುಂದಕ್ಕೆ ಅಂದರೆ ಹಿಂದಕ್ಕೆ ಹೋಗುತ್ತದೆ. ಮೂರು ದಿನದಲ್ಲಿ ಹೆನ್ರಿಯ ತಪ್ಪುಗಳು ತುಂಬ ಕಡಿಮೆಯಾದವು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ ನೆನಪೇ ಅವನಿಗಿರಲಿಲ್ಲ!

ನಡೆದದ್ದು ನೆನಪಿರುವುದು ಬೇರೆ, ಕೈ ಕಲಿಯುವುದು ಬೇರೆ ಅಂತ ಗೊತ್ತಾದದ್ದು ಹೀಗೆ. 2008ರಲ್ಲಿ ತೀರಿಕೊಳ್ಳುವವರೆಗೂ ಅವನು ಪರೀಕ್ಷೆಗಳಿಗೆ ಕೂರುತ್ತಲೇ ಇದ್ದ. ಬದುಕಿರುವವರೆಗೂ ಲೋಕಕ್ಕೆ ಅವನು ಬರೀ 'ಎಚ್.ಎಂ.'

ನಮ್ಮಜ್ಜಿ ಕೊನೆಗಾಲದಲ್ಲಿ ನನ್ನ ಹೆಸರು ಮರೆತಿದ್ದರು. ಮೊಗ್ಗಿನ ಬುಟ್ಟಿ ಮುಂದಿಟ್ಟರೆ ಸಾಕು, ಎರಡು ಈ ಕಡೆ, ಎರಡು ಆ ಕಡೆ, ಬಾಳೆನಾರಿನ ಒಂದು ಸುತ್ತು. ಮಾರುದ್ದ ಮಾಲೆ ಆಗುತ್ತಿತ್ತು. ಅದು ಹಳೇ ಅಭ್ಯಾಸ, ನಿಜ. ಹೆನ್ರಿ ಹೊಸದನ್ನೇ ಕಲಿತ, ಅದೇ ದೊಡ್ಡದು.

ನನ್ನ ಸಂಕಟ ಬೇರೆಯೇ ಇದೆ, ಮೇಷ್ಟ್ರೇ. ಮಿಲ್ನರ್ ಇದನ್ನು ತೋರಿಸಿ ಅರವತ್ತು ವರ್ಷ ದಾಟಿತು. ನಮ್ಮ ಶಾಲೆಗಳಲ್ಲಿ ಈಗಲೂ ನೆನಪು ಅಂದರೆ ಉತ್ತರಪತ್ರಿಕೆಯಲ್ಲಿ ಬರೆದದ್ದು ಮಾತ್ರ. ಕೈಯಲ್ಲಿ ಕಲಿಯುವ ಮಗುವಿಗೆ 'ದಡ್ಡ' ಅನ್ನೋ ಹೆಸರು. ನಿಮ್ಮ ತರಗತಿಯಲ್ಲೂ ಸೈಕಲ್ ಬಿಚ್ಚಿ ಜೋಡಿಸುವ ಹುಡುಗ ಒಬ್ಬ ಇದ್ದಿರಲೇಬೇಕು. ಅವನ ಬಗ್ಗೆ ಮುಂದಿನ ಪತ್ರದಲ್ಲಿ ಬರೆಯಿರಿ. ಖಂಡಿತ ಪ್ರಕಟಿಸುತ್ತೇನೆ.