ಇಸಿಜಿ ಯಂತ್ರ ಹೇಳಿದ್ದೇ ಸತ್ಯವೇ?

ಪ್ರಶ್ನೆ: ಅಪ್ಪನ ಇಸಿಜಿ ಮೇಲೆ 'ಏಟ್ರಿಯಲ್ ಫಿಬ್ರಿಲೇಷನ್' ಅಂತ ಯಂತ್ರವೇ ಮುದ್ರಿಸಿದೆ. ಡಾಕ್ಟರು ನೋಡಿ, ಅದಲ್ಲ, ಎಕ್ಟೋಪಿಕ್ ಬಡಿತ ಅಷ್ಟೇ ಅಂದರು. ಯಾರನ್ನು ನಂಬಬೇಕು?

ಉತ್ತರ: ಡಾಕ್ಟರನ್ನು. ಯಂತ್ರ ಬರೆಯುವ ಸಾಲು ಬರೀ ಸೂಚನೆ. ಮಧ್ಯೆ ಮಧ್ಯೆ ಬೇಗ ಬರುವ ಬಡಿತಗಳನ್ನೋ (ಎಕ್ಟೋಪಿಕ್ ಅಂದರೆ ಇವೇ) ಕೈ ನಡುಕವನ್ನೋ ಕಂಡು ಅದು ಫಿಬ್ರಿಲೇಷನ್, ಅಂದರೆ ಲಯವೇ ಇಲ್ಲದ ಬಡಿತ, ಅಂದುಬಿಡುವುದು ಅಪರೂಪವೇನಲ್ಲ.

ನೀವೇ ನೋಡಬೇಕಾ? ಇಸಿಜಿ ಹಾಳೆಯ ಕೆಳಗಿನ ಉದ್ದನೆಯ ಪಟ್ಟಿ ಹಿಡಿಯಿರಿ. ಒಂದು ಕಾಗದದ ಅಂಚನ್ನು ಅದರ ಮೇಲಿಟ್ಟು, ಸಾಲಾಗಿ ಮೂರು ಆರ್ ಮೊನೆಗಳಿಗೆ (ಪ್ರತಿ ಬಡಿತದಲ್ಲೂ ಮೇಲಕ್ಕೆದ್ದ ಚೂಪು ತುದಿ) ಗುರುತು ಹಾಕಿ, ಹಾಗೇ ಮುಂದಕ್ಕೆ ಸರಿಸಿ. ಎಕ್ಟೋಪಿಕ್ ಆದರೆ ಗುರುತುಗಳು ಬಹುಪಾಲು ಕೂಡುತ್ತವೆ, ಎಲ್ಲೋ ಒಂದು ಬಡಿತ ಬೇಗ ಬಂದಿರುತ್ತದೆ, ಆಮೇಲೆ ಸ್ವಲ್ಪ ಬಿಡುವು, ಮತ್ತೆ ಹಳೆಯ ಲಯ. ಫಿಬ್ರಿಲೇಷನ್‌ನಲ್ಲಿ ಅಂತರಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಜೊತೆಗೆ ಕ್ಯೂಆರ್‌ಎಸ್‌ಗೆ (ಆ ಮೊನೆ ಇರುವ, ಪ್ರತಿ ಬಡಿತದ ಚೂಪು ಗೆರೆಗಳ ಗುಂಪು) ಮುಂಚೆ ಬರಬೇಕಾದ ಸಣ್ಣ ಪಿ ಅಲೆಯೂ ಇರುವುದಿಲ್ಲ, ಆ ಜಾಗದಲ್ಲಿ ಗೆರೆ ಸುಮ್ನೆ ನಡುಗುತ್ತಿರುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಫಿಬ್ರಿಲೇಷನ್‌ನಲ್ಲಿ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ, ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅದಕ್ಕೇ ಅನೇಕರಿಗೆ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕಾಗುತ್ತದೆ. ಬರೀ ಎಕ್ಟೋಪಿಕ್‌ಗೆ ಆ ಮಾತ್ರೆ ಬೇಕಿಲ್ಲ, ಸುಮ್ಮನೆ ತಿಂದರೆ ರಕ್ತಸ್ರಾವದ ಭಯ. ಹಾಗಾಗಿ ಅನುಮಾನ ಉಳಿದಿದ್ದರೆ ಇನ್ನೊಂದು ಇಸಿಜಿ ಮಾಡಿಸಿ ಅಂತ ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಪಟ್ಟಿ ನೋಡಿ ಬಡಿತ ಎಣಿಸುವುದು ಹೇಗೆ? ಯಾವುದು ಅಪಾಯ?

ಉತ್ತರ: ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡಿದ್ದರೆ ಒಂದು ದೊಡ್ಡ ಚೌಕ 0.2 ಸೆಕೆಂಡ್. ಲಯ ಸಮನಾಗಿದ್ದರೆ ಎರಡು ಆರ್ ಮೊನೆಗಳ ನಡುವಿನ ದೊಡ್ಡ ಚೌಕಗಳಿಂದ 300ನ್ನು ಭಾಗಿಸಿ. ನಾಲ್ಕು ಚೌಕ ಅಂದರೆ ನಿಮಿಷಕ್ಕೆ 75. ಲಯ ತಪ್ಪಿದ್ದರೆ ಈ ಲೆಕ್ಕ ಕೈಕೊಡುತ್ತದೆ, ಆಗ 30 ದೊಡ್ಡ ಚೌಕಗಳಲ್ಲಿ ಬಂದ ಬಡಿತ ಎಣಿಸಿ ಹತ್ತರಿಂದ ಗುಣಿಸಿ. ನನಗೆ ಹೆಚ್ಚು ಭಯ ಹುಟ್ಟಿಸುವುದು ವೇಗದ ಜೊತೆ ಅಗಲ. ಬಡಿತ 100 ದಾಟಿ, ಕ್ಯೂಆರ್‌ಎಸ್ ಮೂರು ಸಣ್ಣ ಚೌಕಕ್ಕಿಂತ ಅಗಲವಾಗಿದ್ದರೆ ಅದು ಹೃದಯದ ಕೆಳಕೋಣೆಯಿಂದಲೇ ಹೊರಟ ಓಟ ಇರಬಹುದು. ಅಲ್ಲ ಅಂತ ಗೊತ್ತಾಗುವ ತನಕ ತುರ್ತು ಅಂತಲೇ ನೋಡಬೇಕು.

ಪ್ರಶ್ನೆ: ಎದೆ ಡವಡವ ಅನ್ನುತ್ತೆ, ಇಸಿಜಿ ಮಾತ್ರ ನಾರ್ಮಲ್!

ಉತ್ತರ: ಮಾಮೂಲಿ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡ್ ಮಾತ್ರ, ಅಷ್ಟರಲ್ಲಿ ಲಯ ತಪ್ಪಬೇಕಲ್ವಾ? 24 ಗಂಟೆ ಅಥವಾ ಇನ್ನೂ ಜಾಸ್ತಿ ಹೊತ್ತು ದಾಖಲಿಸುವ ಹೋಲ್ಟರ್ ಬಗ್ಗೆ ಡಾಕ್ಟರನ್ನು ಕೇಳಿ. ಡವಡವದ ಜೊತೆ ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ಉಸಿರು ಕಟ್ಟಿದರೆ ಹೋಲ್ಟರ್‌ಗೂ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.