ನಷ್ಟಕ್ಕೆ ಜಾಗವಿಲ್ಲದ ಲೆಕ್ಕದ ಪುಸ್ತಕ

ಇದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ. ಗುರುತು ಸಿಗದಂತೆ ಅವರ ವಯಸ್ಸು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನು ಕೈಬಿಟ್ಟು ಪ್ರಮಾಣಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಸಲಹಾರ್ಥಿ ನಲವತ್ತೈದು ದಾಟಿದ, ಸ್ಥಿರ ಸಂಬಳವಿರುವ ನೌಕರ. ನಿದ್ದೆ ಹತ್ತುತ್ತಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಮನೆಯವರ ಮೇಲೆ ವಿನಾಕಾರಣ ಸಿಡುಕುತ್ತೇನೆ ಎಂದು ಹೇಳಿಕೊಂಡು ಬಂದರು. ಷೇರಿನ ಮಾತು ಹೊರಬಿದ್ದದ್ದು ಮೊದಲ ಭೇಟಿಯ ಕೊನೆಯ ಹತ್ತು ನಿಮಿಷಗಳಲ್ಲಿ, ಅದೂ ಮೇಜಿನ ಮೇಲೆ ಮಗುಚಿಟ್ಟಿದ್ದ ಫೋನನ್ನು ಅವರು ನಾಲ್ಕನೆಯ ಸಲ ತಿರುಗಿಸಿ ನೋಡಿದ್ದನ್ನು ನಾನು ಅವರ ಗಮನಕ್ಕೆ ತಂದ ಮೇಲೆ.

ಎರಡನೆಯ ಭೇಟಿಗೆ ಅವರು ಒಂದು ನೋಟ್‌ಬುಕ್ ತಂದರು. ಕೊಂಡ ದಿನ, ಕೊಂಡ ಬೆಲೆ, ಕಂಪನಿಯ ಹಿಂದಿನ ವರ್ಷಗಳ ಲಾಭ, ಬೆಲೆ ಎರಡು ಪಟ್ಟಾದರೆ ಕೈಗೆ ಬರುವ ಹಣ, ಮೂರು ಪಟ್ಟಾದರೆ ಬರುವ ಹಣ ಎಂದು ಗೆರೆ ಎಳೆದು ಅಂಕಣಗಳನ್ನು ಮಾಡಿದ್ದರು. ಇಷ್ಟು ಶ್ರದ್ಧೆಯಿಂದ ಲೆಕ್ಕ ಬರೆಯುವವರನ್ನು ನಾನು ಕಂಡದ್ದು ಕಡಿಮೆ. ಆದರೆ ಬೆಲೆ ಅರ್ಧಕ್ಕಿಳಿದರೆ ಏನು ಮಾಡುವುದು ಎಂಬುದಕ್ಕೆ ಆ ಪುಟಗಳಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

ಇದ್ದ ಉಳಿತಾಯದ ಶೇ 70ರಷ್ಟನ್ನು ಅವರು ಒಂದೇ ಕಂಪನಿಯ ಷೇರಿಗೆ ಹಾಕಿದ್ದರು. ಅದಕ್ಕಾಗಿ ಲಾಭದಲ್ಲಿದ್ದ ಬೇರೆ ಎರಡು ಷೇರುಗಳನ್ನು ಮಾರಿದ್ದರು. ಕಂಪನಿ ಅವರು ದುಡಿಯುವ ಉದ್ಯಮದ್ದೇ ಆದ್ದರಿಂದ ‘ಇದರ ಒಳಹೊರಗು ನನಗೆ ಗೊತ್ತು’ ಎಂಬ ಧೈರ್ಯ ಅವರಿಗಿತ್ತು. ಕೊಂಡ ಬೆಲೆಗಿಂತ ಅದು ಈಗ ಶೇ 40ರಷ್ಟು ಕುಸಿದಿತ್ತು. ಅದರಲ್ಲಿ ದೊಡ್ಡ ಪಾಲು ಎರಡು ವರ್ಷಗಳ ನಂತರ ಮಗಳ ಉನ್ನತ ಶಿಕ್ಷಣಕ್ಕೆ ಬೇಕಾದ ಹಣ. ಹೆಂಡತಿಗೆ ವಿಷಯ ತಿಳಿದಿರಲಿಲ್ಲ.

ಅವರು ನನ್ನಿಂದ ಬಯಸಿದ್ದು ಬೇರೆಯೇ ಆಗಿತ್ತು. ಆರಂಭದಲ್ಲಿ ಹಾಕಿದಷ್ಟೇ ಹಣವನ್ನು ಸಾಲವಾಗಿ ಪಡೆದು, ಕುಸಿದ ಬೆಲೆಗೆ ಇನ್ನಷ್ಟು ಷೇರು ಕೊಂಡು ‘ಆವರೇಜ್’ ಮಾಡಲು, ಅಂದರೆ ಕೊಂಡ ಬೆಲೆಯ ಸರಾಸರಿಯನ್ನು ಇಳಿಸಲು, ಅವರು ನಿರ್ಧರಿಸಿದ್ದರು. ಅಲ್ಲಿಯವರೆಗೆ ಮನಸ್ಸನ್ನು ಹಿಡಿತದಲ್ಲಿಟ್ಟುಕೊಳ್ಳುವ ಉಪಾಯವೊಂದು ಬೇಕಾಗಿತ್ತು. ಯಾವ ಷೇರು ಒಳ್ಳೆಯದು, ಯಾವಾಗ ಮಾರಬೇಕು ಎಂದು ಹೇಳುವ ಅರ್ಹತೆ ನನಗಿಲ್ಲ ಎಂದು ಸ್ಪಷ್ಟಪಡಿಸಿದೆ. ಆದರೆ ಅವರ ನೋಟ್‌ಬುಕ್ಕಿನಲ್ಲೇ ಒಂದು ಖಾಲಿ ಪುಟ ತೆಗೆದು, ಲೆಕ್ಕವನ್ನು ಇಬ್ಬರೂ ಕೂಡಿ ಪೂರ್ತಿ ಮಾಡೋಣ ಎಂದೆ.

ನೂರು ಇದ್ದದ್ದು ಈಗ 60. ಅದು ಮರಳಿ ನೂರಾಗಲು ಶೇ 40 ಏರಿದರೆ ಸಾಲದು, ಸುಮಾರು ಶೇ 67 ಏರಬೇಕು. ಸಾಲದ ನೂರನ್ನು ಸೇರಿಸಿದರೆ ಕೈಯಲ್ಲಿ 160ರ ಷೇರುಗಳಿದ್ದು, ಹಾಕಿದ 200 ತಲುಪಲು ಶೇ 25ರ ಏರಿಕೆ ಸಾಕು. ‘ಮೇಡಂ, ನಾನು ಹೇಳುತ್ತಿರುವುದೂ ಇದನ್ನೇ’ ಎಂದು ಅವರು ಉತ್ಸಾಹದಿಂದ ಮುಂದಕ್ಕೆ ಬಾಗಿದರು. ಬೆಲೆ ಇನ್ನೊಮ್ಮೆ ಶೇ 40 ಕುಸಿದರೆ ಎಂಬ ಸಾಲನ್ನು ನಾನು ಅವರ ಕೈಯಿಂದಲೇ ಬರೆಸಿದೆ. ಏನೂ ಮಾಡದೆ ಕುಳಿತಿದ್ದರೆ 60 ಹೋಗಿ 36 ಉಳಿಯುತ್ತದೆ. ಒಟ್ಟು ನಷ್ಟ 64. ಸಾಲ ಮಾಡಿ ಕೊಂಡಿದ್ದರೆ 160 ಹೋಗಿ 96 ಉಳಿಯುತ್ತದೆ. ನಷ್ಟ 104, ಅಂದರೆ ಸ್ವಂತದ್ದಷ್ಟೂ ಕರಗಿ, ಇದ್ದಬದ್ದ ಷೇರನ್ನೆಲ್ಲ ಮಾರಿದರೂ ಸಾಲದ ಅಸಲು ತೀರುವುದಿಲ್ಲ, ಬಡ್ಡಿ ಬೇರೆ. ಅವರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಮಾತನಾಡಲಿಲ್ಲ.

ಇಂಥ ನಿರ್ಧಾರಕ್ಕೆ ಬಂದವರನ್ನು ಮೂರ್ಖರೆಂದು ತಳ್ಳಿಹಾಕುವುದು ತಪ್ಪು. ಮನುಷ್ಯರಿಗೆ ಲಾಭದ ಸಂತೋಷಕ್ಕಿಂತ ಅಷ್ಟೇ ಪ್ರಮಾಣದ ನಷ್ಟದ ನೋವು ಹೆಚ್ಚು ತಟ್ಟುತ್ತದೆ ಎಂಬುದನ್ನೂ, ಲಾಭದಲ್ಲಿರುವಾಗ ಎಚ್ಚರದಿಂದಿರುವವರೇ ನಷ್ಟದಲ್ಲಿ ಸಿಲುಕಿದಾಗ ದೊಡ್ಡ ಅಪಾಯಕ್ಕೆ ಕೈಹಾಕುತ್ತಾರೆ ಎಂಬುದನ್ನೂ ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ವಿವರಿಸಿದರು. ಏರಿದ ಷೇರನ್ನು ಬೇಗ ಮಾರಿ ಇಳಿದದ್ದನ್ನು ಬಿಡದೆ ಹಿಡಿದಿಟ್ಟುಕೊಳ್ಳುವ ಒಲವನ್ನು 1985ರಲ್ಲಿ ಹಣಕಾಸು ವಿದ್ವಾಂಸರಾದ ಹರ್ಷ್ ಶೆಫ್ರಿನ್ ಮತ್ತು ಮೇರ್ ಸ್ಟ್ಯಾಟ್‌ಮನ್ ಗುರುತಿಸಿದರು. ನನ್ನ ಸಲಹಾರ್ಥಿ ಈ ಎರಡನ್ನೂ ಒಂದೇ ವರ್ಷದಲ್ಲಿ ಮಾಡಿ ಮುಗಿಸಿದ್ದರು. ತಮ್ಮ ನಡವಳಿಕೆಗೆ ಹೆಸರೊಂದಿದೆ ಎಂದು ತಿಳಿದಾಗ ಅವರ ಮುಖ ಸ್ವಲ್ಪ ತಿಳಿಯಾದದ್ದನ್ನು ಕಂಡೆ.

‘ಮಾರುಕಟ್ಟೆ ಯಾವತ್ತಾದರೂ ಮೇಲೇಳಲೇಬೇಕಲ್ಲ’ ಎಂಬ ಅವರ ವಾದ ಮಾತ್ರ ಮೂರನೆಯ ಭೇಟಿಯವರೆಗೂ ಉಳಿದಿತ್ತು. ಯಾವತ್ತಾದರೂ ಎಂಬ ಮಾತಿಗೆ ಅವರ ಮಗಳ ಕಾಲೇಜು ಕಾಯುವುದಿಲ್ಲ ಎಂದೆ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ್ದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅದಾದರೂ ನೂರಾರು ಕಂಪನಿಗಳ ಸರಾಸರಿ. ಒಂಟಿ ಷೇರಿಗೆ ಮೇಲೇಳುವ ಕಟ್ಟುಪಾಡು ಯಾವುದೂ ಇಲ್ಲ. 1926ರಿಂದ ಈಚೆಗೆ ಅಮೆರಿಕದ ಷೇರುಪೇಟೆ ಸೃಷ್ಟಿಸಿದ ನಿವ್ವಳ ಸಂಪತ್ತಿಗೆಲ್ಲ ಸುಮಾರು ಶೇ 4ರಷ್ಟು ಕಂಪನಿಗಳೇ ಕಾರಣವೆಂದು 2018ರಲ್ಲಿ ಪ್ರಕಟವಾದ, ಹಣಕಾಸು ಪ್ರಾಧ್ಯಾಪಕ ಹೆಂಡ್ರಿಕ್ ಬೆಸೆಂಬೈಂಡರ್ ಅವರ ಅಧ್ಯಯನ ತೋರಿಸಿತು. ಉದ್ಯಮದ ಒಳಹೊರಗು ಗೊತ್ತೆಂಬ ನನ್ನ ಸಲಹಾರ್ಥಿಯ ಧೈರ್ಯವೂ ನನಗೆ ಅಪಾಯದ ಇನ್ನೊಂದು ಮುಖವಾಗಿಯೇ ಕಂಡಿತು, ಏಕೆಂದರೆ ಆ ಉದ್ಯಮಕ್ಕೆ ಕೆಟ್ಟ ಕಾಲ ಬಂದರೆ ಸಂಬಳ ಮತ್ತು ಉಳಿತಾಯ ಎರಡಕ್ಕೂ ಏಕಕಾಲದಲ್ಲಿ ಪೆಟ್ಟು ಬೀಳುತ್ತದೆ. 2001ರಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿಯಾದಾಗ, ನಿವೃತ್ತಿಯ ಹಣವನ್ನು ಕಂಪನಿಯ ಷೇರಿನಲ್ಲೇ ಇಟ್ಟಿದ್ದ ಅನೇಕ ನೌಕರರಿಗೆ ಹೀಗೆಯೇ ಆಯಿತು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಹಣದ್ದಲ್ಲ: ಹೆಂಡತಿಗೆ ಆ ವಾರವೇ ತಿಳಿಸಬೇಕು, ಬೇಕಿದ್ದರೆ ನನ್ನೆದುರಿಗೇ. ನಿದ್ದೆ ಕೆಡಿಸಿದ್ದರಲ್ಲಿ ನಷ್ಟದ ಪಾಲು ಎಷ್ಟೋ ಮುಚ್ಚಿಟ್ಟ ಸಂಗತಿಯ ಪಾಲೂ ಅಷ್ಟೇ ಇತ್ತೆಂಬುದು ನನ್ನ ಅಂದಾಜು. ಸಾಲದ ಆಲೋಚನೆಯನ್ನು ಪೂರ್ತಿ ಕೈಬಿಡಬೇಕು. ಬೆಲೆಯನ್ನು ವಾರಕ್ಕೊಮ್ಮೆ ಮಾತ್ರ ನೋಡಬೇಕು. ದಿನಾಂಕ ಗೊತ್ತಿರುವ ಖರ್ಚಿನ ಹಣವನ್ನು ಷೇರಿನಿಂದ ಬೇರ್ಪಡಿಸಬೇಕು. ಅದನ್ನು ಹೇಗೆ, ಎಷ್ಟೆಷ್ಟಾಗಿ ಹೊರತೆಗೆಯುವುದು ಎಂಬುದನ್ನು ಷೇರು ಮಾರಿಸಿ ಕಮಿಷನ್ ಪಡೆಯದ, ಶುಲ್ಕ ಮಾತ್ರ ತೆಗೆದುಕೊಳ್ಳುವ ನೋಂದಾಯಿತ ಹಣಕಾಸು ಸಲಹೆಗಾರರ ಬಳಿ ಕುಳಿತು ತೀರ್ಮಾನಿಸಬೇಕು. ಉಳಿಯುವ ಷೇರಿನ ಬಗ್ಗೆ ಎರಡು ಪ್ರಶ್ನೆಗಳನ್ನು ಬರೆಸಿದೆ. ಇದು ಸೊನ್ನೆಯಾದರೆ ಮನೆಯ ಯಾವ ಯೋಜನೆ ನಿಲ್ಲುತ್ತದೆ? ಈ ಹಣ ಇಂದು ನಗದಾಗಿ ಕೈಯಲ್ಲಿದ್ದರೆ ಇದೇ ಷೇರನ್ನು ಇಂದಿನ ಬೆಲೆಗೆ ಕೊಳ್ಳುತ್ತಿದ್ದೆನೆ? ಎರಡನೆಯದಕ್ಕೆ ಅವರು ತಕ್ಷಣ ‘ಇಲ್ಲ’ ಎಂದು, ಹೇಳಿದ್ದಕ್ಕೆ ತಾವೇ ಬೆಚ್ಚಿದರು.

ಹೆಂಡತಿ ನಾಲ್ಕನೆಯ ಭೇಟಿಗೆ ಜೊತೆಯಲ್ಲಿ ಬಂದರು. ಅವರಿಗೆ ಸಿಟ್ಟು ಬಂದದ್ದು ಹಣ ಹೋದದ್ದಕ್ಕಲ್ಲ, ಹತ್ತು ತಿಂಗಳು ತಮ್ಮಿಂದ ಮುಚ್ಚಿಟ್ಟದ್ದಕ್ಕೆ. ಆ ಮಾತುಕತೆಯ ವಿವರವನ್ನು ಇಲ್ಲಿ ಬರೆಯುವುದಿಲ್ಲ. ಸಲಹೆಗಾರರ ಮಾರ್ಗದರ್ಶನದಲ್ಲಿ ಅವರು ಷೇರುಗಳಲ್ಲಿ ಮೂರನೇ ಎರಡು ಭಾಗವನ್ನು ಮಾರಿದರು. ಉಳಿದದ್ದು ಈಗ ಒಟ್ಟು ಉಳಿತಾಯದ ಐದನೇ ಒಂದಕ್ಕಿಂತ ತುಸು ಕಡಿಮೆ; ಒಂದೇ ಕಂಪನಿಯಲ್ಲಿ ಅಷ್ಟಿರುವುದು ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚೇ, ಆದರೆ ಆ ತೀರ್ಮಾನ ಅವರದು.

ಮಾರಿದ ಆರು ವಾರಗಳಲ್ಲಿ ಬೆಲೆ ಶೇ 12ರಷ್ಟು ಏರಿತು. ಅಸಮಾಧಾನದಿಂದಲೇ ಬಂದ ಅವರು ‘ಕಾದಿದ್ದರೆ ಆಗುತ್ತಿತ್ತಲ್ಲ?’ ಎಂದರು. ಮಾರುವ ದಿನ ನೋಟ್‌ಬುಕ್ಕಿನಲ್ಲಿ ಬರೆದ ಕಾರಣವನ್ನು ಓದಿ ಎಂದೆ. ‘ಮಗಳ ಶುಲ್ಕಕ್ಕೆ ಎರಡು ವರ್ಷ ಇದೆ, ಇನ್ನೊಂದು ಕುಸಿತವನ್ನು ತಡೆದುಕೊಳ್ಳುವ ಶಕ್ತಿ ಈ ಹಣಕ್ಕಿಲ್ಲ’ ಎಂದಿತ್ತು. ಬೆಲೆ ಏರಿದ್ದರಿಂದ ಅದರಲ್ಲಿ ಯಾವ ಪದ ಸುಳ್ಳಾಯಿತು ಎಂದು ಕೇಳಿದೆ. ಅವರು ಇನ್ನೊಮ್ಮೆ ಓದಿಕೊಂಡರು, ಉತ್ತರಿಸಲಿಲ್ಲ. ನಿದ್ದೆ ಹೇಗಿದೆ ಎಂಬ ಪ್ರಶ್ನೆಗೆ, ಈಗೀಗ ನಡುರಾತ್ರಿ ಎಚ್ಚರವಾಗುವುದು ಕಡಿಮೆಯಾಗಿದೆ ಎಂದರು. ಮುಂದಿನ ಭೇಟಿಯನ್ನು ಮೂರು ತಿಂಗಳ ನಂತರಕ್ಕೆ ಇಟ್ಟುಕೊಂಡಿದ್ದೇವೆ.