ಫೈಬರ್ ದೋಣಿಯ ತಳಕ್ಕೆ ಯಾವ ಮ್ಯಾಟ್, ಯಾವ ರೆಸಿನ್?

ಹಾರಂಗಿ ಹಿನ್ನೀರಿನ ಸಣ್ಣ ದೋಣಿಗೆ ಬರೀ ಮ್ಯಾಟ್ (ಗಾಜಿನ ತುಂಡೆಳೆಗಳನ್ನು ಅಂಟಿನಿಂದ ಹಿಡಿಸಿದ ಹಾಳೆ) ಸಾಕೇ ಎಂದು ಕೇಳಿದ್ದೀರಿ. ಸಾಲದು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್, 600 ಗ್ರಾಂನ ನೇಯ್ದ ರೋವಿಂಗ್ (ಉದ್ದ ಗಾಜಿನೆಳೆಗಳ ದಪ್ಪ ಬಟ್ಟೆ), ಇವೆರಡನ್ನೂ ಒಂದರ ಮೇಲೊಂದು ಹಾಕಿ. ಇವನ್ನು ನೆನೆಸಿ ಗಟ್ಟಿಯಾಗುವ ರೆಸಿನ್ ಐಸೋಫ್ತಾಲಿಕ್ ಪಾಲಿಯೆಸ್ಟರ್ ಇರಲಿ, ಅದು ನೀರು ಹೀರುವುದು ಕಡಿಮೆ.

ರೋವಿಂಗಿನ ಉದ್ದನೆಯ ಎಳೆಗಳು ಬಂಡೆಯ ಪೆಟ್ಟನ್ನು ಸುತ್ತಲೂ ಹಂಚುತ್ತವೆ. ಆದರೆ ರೋವಿಂಗಿನ ಮೇಲೆ ರೋವಿಂಗನ್ನೇ ಹಾಕಿದರೆ ನೇಯ್ಗೆಯ ತಗ್ಗುಗಳಲ್ಲಿ ಬರೀ ರೆಸಿನ್ ನಿಂತು, ಪದರಗಳು ಅಲ್ಲೇ ಬಿಟ್ಟುಕೊಳ್ಳುತ್ತವೆ. ಮ್ಯಾಟಿನ ತುಂಡೆಳೆಗಳು ಆ ತಗ್ಗು ತುಂಬಿ ಎರಡನ್ನೂ ಬೆಸೆಯುತ್ತವೆ. ಸಾಮಾನ್ಯ ಮ್ಯಾಟಿಗೆ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಬೇಡ. ಪಾಲಿಯೆಸ್ಟರಿನಲ್ಲಿದ್ದು ಮ್ಯಾಟಿನ ಅಂಟನ್ನು ಕರಗಿಸುವ ಸ್ಟೈರೀನ್ ಎಂಬ ದ್ರವ ಎಪಾಕ್ಸಿಯಲ್ಲಿಲ್ಲ. ಮ್ಯಾಟ್ ಬಿರುಸಾಗಿಯೇ ಉಳಿದು ಮೂಲೆಗಳಲ್ಲಿ ಎದ್ದು ನಿಲ್ಲುತ್ತದೆ.

ನಮ್ಮ ಮಳೆಗಾಲದಲ್ಲಂತೂ ಕೈಹಾಕಲೇಬೇಡಿ. ತೇವ ಹಿಡಿದ ಗಾಜಿನೆಳೆಗೆ ರೆಸಿನ್ ಸರಿಯಾಗಿ ಕಚ್ಚುವುದಿಲ್ಲ. ಮ್ಯಾಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಫೆಬ್ರವರಿ ಬಿಸಿಲಿಗೆ ಕಾಯಿರಿ.